ಬಡ್ತಿಯ ದಾಖಲೆಯಲ್ಲಿ ತಪ್ಪು ನುಸುಳಿದ್ದರೆ ಸೈನಿಕನು ಅದನ್ನು ಸರಿಪಡಿಸಿಕೊಳ್ಳುವ ಬಗೆ

ಜೊತೆಗೆ ಭರ್ತಿಯಾದವರೆಲ್ಲ ಹವಲ್ದಾರ್ ಆಗಿ ತಾನೊಬ್ಬ ನಾಯಕ್ ದರ್ಜೆಯಲ್ಲೇ ಉಳಿದಾಗ ಸೈನಿಕನ ಅನುಮಾನ ಮೊದಲು ಹೋಗುವುದು ಮೇಲಧಿಕಾರಿಯ ಮೇಲೆ. ಅರ್ಜಿಗೆ ಕೈ ಹಾಕುವ ಮುನ್ನ ಆಗಿರುವುದು ಬರವಣಿಗೆಯ ತಪ್ಪೋ, ಅಧಿಕಾರಿಯೊಬ್ಬರು ಯೋಚಿಸಿ ಕೈಗೊಂಡ ತೀರ್ಮಾನವೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಪ್ರಮೋಷನ್ ಕೇಡರ್ (ಬಡ್ತಿಗೆ ಬೇಕಾದ ತರಬೇತಿ ಮತ್ತು ಪರೀಕ್ಷೆ) ಪಾಸಾದ ದಿನಾಂಕ ತಪ್ಪಾಗಿ ನಮೂದಾಗಿರುವುದು, ಮ್ಯಾಪ್ ರೀಡಿಂಗ್ ಅಥವಾ ಸೇನೆಯ ಶಿಕ್ಷಣ ಪ್ರಮಾಣಪತ್ರ ದಾಖಲೆಗೆ ಸೇರದೆ ಉಳಿದಿರುವುದು, ಮೆಡಿಕಲ್ ಕೆಟಗರಿ ಮೇಲ್ದರ್ಜೆಗೆ ಏರಿದ್ದರೂ ಹಳೆಯದೇ ಮುಂದುವರಿದಿರುವುದು ಮೊದಲ ಬಗೆಯವು. ಎಸಿಆರ್‌ನಲ್ಲಿ (ವಾರ್ಷಿಕ ಗೋಪ್ಯ ವರದಿ) ನಿರೀಕ್ಷೆಗಿಂತ ಕಡಿಮೆ ಗ್ರೇಡಿಂಗ್ ಬಂದಿರುವುದು ಎರಡನೆಯ ಬಗೆಯದು. ಇವೆರಡನ್ನೂ ಒಂದೇ ಅರ್ಜಿಯಲ್ಲಿ ಬೆರೆಸುವುದು ದೊಡ್ಡ ಎಡವಟ್ಟು, ಏಕೆಂದರೆ ಸುಲಭವಾಗಿ ತಿದ್ದಬಹುದಾಗಿದ್ದ ದಿನಾಂಕವೂ ದೂರಿನ ಕಡತದೊಳಗೆ ಸಿಕ್ಕಿಕೊಂಡು ಕೊಳೆಯುತ್ತದೆ.

ಬರವಣಿಗೆಯ ತಪ್ಪನ್ನು ಸೀನಿಯಾರಿಟಿ ಪಟ್ಟಿಯಲ್ಲಿ ಹುಡುಕಿದರೆ ಸಾಲದು, ಅದು ಹುಟ್ಟಿದ ಜಾಗಕ್ಕೇ ಹೋಗಬೇಕು. ಆ ಜಾಗ ಸಾಮಾನ್ಯವಾಗಿ ಪಾರ್ಟ್ ಟು ಆರ್ಡರ್. ಸೈನಿಕನ ಸೇವೆಯಲ್ಲಿ ನಡೆಯುವ ಬಡ್ತಿ, ಕೋರ್ಸ್, ಮದುವೆ, ಮಗುವಿನ ಜನನ ಮುಂತಾದ ಸಂಗತಿಗಳನ್ನು ಯೂನಿಟ್ ಕ್ರಮಸಂಖ್ಯೆ ಮತ್ತು ದಿನಾಂಕದೊಂದಿಗೆ ಇದರಲ್ಲಿ ಪ್ರಕಟಿಸುತ್ತದೆ. ಅದರ ಆಧಾರದ ಮೇಲೆ ಸೈನಿಕರ ದಾಖಲೆಗಳನ್ನು ಇಡುವ ರೆಕಾರ್ಡ್ ಆಫೀಸ್, ಸೈನಿಕನ ಸೇವಾ ದಾಖಲೆಯಾದ ಶೀಟ್ ರೋಲ್‌ನಲ್ಲಿ ನಮೂದು ಮಾಡುತ್ತದೆ, ಪಿಎಒ (ಪೇ ಅಕೌಂಟ್ಸ್ ಆಫೀಸ್) ಸಂಬಳವನ್ನು ಹೊಂದಿಸುತ್ತದೆ. ಬೆಳಗಾವಿಯಲ್ಲೋ ನಾಸಿಕ್ ರೋಡ್‌ನಲ್ಲೋ ರೆಕಾರ್ಡ್ ಆಫೀಸಿನಲ್ಲಿ ಕುಳಿತು ಕಡತ ನೋಡುವವರಿಗೆ ಸೈನಿಕನ ಮುಖಪರಿಚಯವಿರುವುದಿಲ್ಲ. ಅವರ ಪಾಲಿಗೆ ಅವನೆಂದರೆ ಅವನ ಆರ್ಮಿ ನಂಬರ್. ಒಂದು ಉದಾಹರಣೆಯನ್ನು ಗಮನಿಸಿ. ಒಂದೇ ಹೆಸರಿನ ಇಬ್ಬರು ಒಂದೇ ರೆಜಿಮೆಂಟಿನಲ್ಲಿದ್ದಾರೆ, ಇಬ್ಬರ ನಂಬರಿನ ಕೊನೆಯ ಎರಡು ಅಂಕಿಗಳು 47 ಮತ್ತು 74. ಟೈಪಿಸುವಾಗ ಅಂಕಿ ಹಿಂದುಮುಂದಾದರೆ ಒಬ್ಬನು ಪಾಸಾದ ಕೇಡರ್ ಇನ್ನೊಬ್ಬನ ಲೆಕ್ಕಕ್ಕೆ ಜಮೆಯಾಗುತ್ತದೆ. ಪಾಸಾದವನು ಪಟ್ಟಿಯಿಂದ ಹೊರಗುಳಿಯುತ್ತಾನೆ, ಕೇಡರ್‌ಗೆ ಹೋಗದವನ ಹೆಸರು ಒಳಗೆ ಬರುತ್ತದೆ, ಪ್ರತಿ ಸಲ ನಷ್ಟಪಟ್ಟವನೇ ಮೊದಲು ಬಾಯಿಬಿಡಬೇಕಾಗುತ್ತದೆ.

ಆದ್ದರಿಂದ ಮೊದಲ ಹೆಜ್ಜೆಯೆಂದರೆ ಯೂನಿಟ್ ಕಚೇರಿಯಲ್ಲಿ ಹೆಡ್ ಕ್ಲರ್ಕ್ ಸಮ್ಮುಖದಲ್ಲಿ ತನ್ನ ದಾಖಲೆಯನ್ನು ನೋಡಿ, ತಪ್ಪಾದ ಪಾರ್ಟ್ ಟು ಆರ್ಡರ್‌ನ ಸಂಖ್ಯೆ ಮತ್ತು ದಿನಾಂಕವನ್ನು ಬರೆದುಕೊಳ್ಳುವುದು. ಆ ಸಂಖ್ಯೆಯಿಲ್ಲದ ಅರ್ಜಿ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಬಳಿಕ ಕಂಪನಿ ಕಮಾಂಡರ್ ಮೂಲಕ ಕಮಾಂಡಿಂಗ್ ಆಫೀಸರ್‌ಗೆ ಒಂದೇ ಪುಟದ ಅರ್ಜಿ ಸಲ್ಲಿಸಬೇಕು. ಅದರಲ್ಲಿ ಇರಬೇಕಾದ್ದು ಇಷ್ಟು: ಈಗ ಹೀಗೆ ನಮೂದಾಗಿದೆ, ವಾಸ್ತವದಲ್ಲಿ ಹೀಗಿರಬೇಕು, ಅದಕ್ಕೆ ಆಧಾರ ಈ ಪ್ರಮಾಣಪತ್ರ, ಆದಕಾರಣ ತಿದ್ದುಪಡಿಯ ಪಾರ್ಟ್ ಟು ಆರ್ಡರ್ ಪ್ರಕಟಿಸಿ ಸೀನಿಯಾರಿಟಿಯನ್ನು ಇಂಥ ದಿನಾಂಕದಿಂದ ಪರಿಗಣಿಸಬೇಕೆಂದು ವಿನಂತಿ. ಕೊನೆಯ ಸಾಲನ್ನು ಬಿಡಬಾರದು. ದಿನಾಂಕವನ್ನು ತಿದ್ದಿಸಿಕೊಂಡು ಸೀನಿಯಾರಿಟಿಯನ್ನು ಕೇಳದೇ ಉಳಿದವರು ಮತ್ತೊಂದು ಅರ್ಜಿ ಬರೆಯಬೇಕಾಗುತ್ತದೆ. ಮೂಲ ಪ್ರಮಾಣಪತ್ರವನ್ನು ಯಾರ ಕೈಗೂ ಕೊಡದೆ ದೃಢೀಕರಿಸಿದ ಪ್ರತಿಯನ್ನು ಲಗತ್ತಿಸಿ, ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿಯ ಸಹಿ ಮತ್ತು ದಿನಾಂಕ ಪಡೆಯಬೇಕು. ರಜೆಯಲ್ಲಿ ಊರಿಗೆ ಬಂದವರು ನೇರವಾಗಿ ರೆಕಾರ್ಡ್ ಆಫೀಸಿನ ಬಾಗಿಲಿಗೆ ಹೋಗಿ ವಿಚಾರಿಸುವುದುಂಟು. ವಿಚಾರಿಸುವುದರಲ್ಲಿ ತಪ್ಪೇನಿಲ್ಲ, ಆದರೆ ಆ ಭೇಟಿ ಯೂನಿಟ್‌ನ ಪತ್ರಕ್ಕೆ ಬದಲಿಯಾಗದು.

ಹಣದ ಲೆಕ್ಕವೂ ಇದಕ್ಕೆ ಅಂಟಿಕೊಂಡಿದೆ. ಬಡ್ತಿ ಸಿಗದ ಸೈನಿಕರಿಗೆ 8, 16 ಮತ್ತು 24 ವರ್ಷಗಳ ಸೇವೆಗೆ ಎಂಎಸಿಪಿ ಎಂಬ ವೇತನೋನ್ನತಿ ಯೋಜನೆಯ ಅಡಿಯಲ್ಲಿ ಮೇಲಿನ ವೇತನ ಸಿಗುತ್ತದೆಯಾದ್ದರಿಂದ, ಸೇವೆಗೆ ಸೇರಿದ ದಿನಾಂಕದಲ್ಲಿ ಅಥವಾ ಬಡ್ತಿಯ ದಿನಾಂಕದಲ್ಲಿ ಆದ ತಪ್ಪು ಅಲ್ಲಿಗೂ ಹಬ್ಬಬಹುದು.

ಯೂನಿಟ್ ಕಿವಿಗೊಡದಿದ್ದರೆ, ಅಥವಾ ಇದು ಬರವಣಿಗೆಯ ತಪ್ಪಲ್ಲ, ಅನ್ಯಾಯವೇ ಎಂದಾದರೆ, 1950ರ ಸೇನಾ ಕಾಯ್ದೆಯ 26ನೇ ಸೆಕ್ಷನ್ ಅಧಿಕಾರಿಗಳಲ್ಲದ ಸೈನಿಕರಿಗೆ ದೂರು ನೀಡುವ ಹಕ್ಕನ್ನು ಕೊಟ್ಟಿದೆ. ದೂರು ಸಾಮಾನ್ಯವಾಗಿ ತನ್ನ ಮೇಲಿನ ಅಧಿಕಾರಿಗೇ ಹೋಗಬೇಕು. ದೂರು ಅದೇ ಅಧಿಕಾರಿಯ ವಿರುದ್ಧವಾಗಿದ್ದರೆ ಅವರಿಗಿಂತ ಮೇಲಿನವರಿಗೆ ಸಲ್ಲಿಸಬಹುದು. ಅಲ್ಲಿಯೂ ಪರಿಹಾರ ಸಿಗದಿದ್ದರೆ 2007ರ ಕಾಯ್ದೆಯಡಿ ಸ್ಥಾಪನೆಯಾದ ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಬಾಗಿಲು ತಟ್ಟಬಹುದು. ಅಂತಿಮ ಆದೇಶ ಬಂದ ದಿನದಿಂದ ಆರು ತಿಂಗಳೊಳಗೆ ಅಲ್ಲಿಗೆ ಅರ್ಜಿ ಹಾಕಬೇಕು. ದೂರಿಗೆ ಆರು ತಿಂಗಳಾದರೂ ಉತ್ತರವೇ ಬಾರದಿದ್ದರೆ, ಆ ಅವಧಿ ಮುಗಿದ ನಂತರದ ಆರು ತಿಂಗಳೊಳಗೆ ಹಾಕಬೇಕು. ಸಕಾರಣವಿದ್ದರೆ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗಿದೆ, ಆದರೂ ಅದನ್ನೇ ನೆಚ್ಚಿಕೊಳ್ಳುವುದು ಜಾಣತನವಲ್ಲ. ಸ್ವೀಕೃತಿಯ ದಿನಾಂಕವಿರುವ ಆ ಪ್ರತಿ ಬೇಕಾಗುವುದು ಈ ಲೆಕ್ಕ ಹಾಕುವಾಗಲೇ.

ತಿದ್ದುಪಡಿ ಪ್ರಕಟವಾದ ಮೇಲೆ ಶೀಟ್ ರೋಲ್‌ನ ನಮೂದನ್ನೂ ಮುಂದಿನ ಒಂದೆರಡು ತಿಂಗಳ ಪೇ ಸ್ಲಿಪ್ಪನ್ನೂ ಬೇರೆಬೇರೆಯಾಗಿ ನೋಡಬೇಕು, ಏಕೆಂದರೆ ಒಂದು ಕಡೆ ಸರಿಯಾಗಿ ಇನ್ನೊಂದು ಕಡೆ ಹಾಗೆಯೇ ಉಳಿಯುವುದುಂಟು. ಈ ನಡುವೆ ಬೇರೆ ಯೂನಿಟ್‌ಗೆ ಪೋಸ್ಟಿಂಗ್ ಬಂದರೆ, ತಿದ್ದುಪಡಿಯ ಆದೇಶದ ಪ್ರತಿಯನ್ನು ತಾನೇ ಕೊಂಡೊಯ್ದು, ಅಲ್ಲಿ ಹಾಜರಾದ ವಾರದಲ್ಲೇ ಹೊಸ ಹೆಡ್ ಕ್ಲರ್ಕ್‌ಗೆ ತೋರಿಸಬೇಕು.