ಮದರ್‌ಬೋರ್ಡಿನ ಧ್ವನಿಯಿಂದ ಹೊರಗಿನ ಡ್ಯಾಕ್‌ಗೆ: ನನ್ನ ಅನುಭವ

ನಾನು ಕಂಪ್ಯೂಟರಿನಲ್ಲಿ ಕೇಳುವುದು ಬಹುಪಾಲು ಶಾಸ್ತ್ರೀಯ ಸಂಗೀತ. ಅದರಲ್ಲೂ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ ಅವರ ಹಳೆಯ ಧ್ವನಿಮುದ್ರಣಗಳು ಮತ್ತು ದೊರೆಸ್ವಾಮಿ ಅಯ್ಯಂಗಾರ್ಯರ ವೀಣೆ. ಇಂಥ ಸಂಗೀತದಲ್ಲಿ ಗಾಯಕರು ಉಸಿರು ತೆಗೆದುಕೊಳ್ಳುವಷ್ಟು ಹೊತ್ತು ತಂಬೂರಿಯೊಂದೇ ಕೇಳುವ ಕ್ಷಣಗಳು ಮತ್ತೆ ಮತ್ತೆ ಬರುತ್ತವೆ. ಮದರ್‌ಬೋರ್ಡಿನಲ್ಲೇ ಅಳವಡಿಸಿರುವ ಧ್ವನಿ ವ್ಯವಸ್ಥೆಯ ಕೊರತೆ ನನಗೆ ತಿಳಿದದ್ದು ಆ ಕ್ಷಣಗಳಲ್ಲೇ. ತಂಬೂರಿಯ ಹಿಂದೆ ಸಣ್ಣಗೆ ಕೀರಲು ಸದ್ದೊಂದು ಇರುತ್ತಿತ್ತು. ಮೌಸ್ ಅಲುಗಾಡಿಸಿದರೆ ಅದರ ಸ್ವರ ಬದಲಾಗುತ್ತಿತ್ತು, ಬ್ರೌಸರಿನ ಪುಟವನ್ನು ಕೆಳಕ್ಕೆ ಸರಿಸಿದರೆ ಕರಕರ ಎನ್ನುತ್ತಿತ್ತು. ಇದಲ್ಲದೆ ಸ್ಪೀಕರಿನಿಂದ ಒಂದೇ ಸಮನೆ ಗುಂಯ್ ಎನ್ನುವ ನಾದವೂ ಬರುತ್ತಿತ್ತು.

ಹಣ ಖರ್ಚು ಮಾಡುವ ಮೊದಲು ಈ ಸದ್ದುಗಳು ಎಲ್ಲಿಂದ ಬರುತ್ತಿವೆ ಎಂಬುದನ್ನು ಬೇರೆ ಬೇರೆಯಾಗಿ ಗುರುತಿಸಿಕೊಂಡೆ. ಈ ಕೆಲಸವನ್ನು ಯಾರೂ ಬಿಡಬಾರದು ಎಂಬುದು ನನ್ನ ದೃಢ ಅಭಿಪ್ರಾಯ. ಮದರ್‌ಬೋರ್ಡಿನ ಮೇಲಿರುವ ಧ್ವನಿಯ ಚಿಪ್ ತಾನೇ ಕಳಪೆಯಾಗಿರುವುದು ಈಗ ಅಪರೂಪ. ರಿಯಲ್‌ಟೆಕ್ ಸಂಸ್ಥೆಯ ಎಎಲ್‌ಸಿ1220 ಚಿಪ್‌ನಲ್ಲಿ ಹಿನ್ನೆಲೆಯ ಗದ್ದಲಕ್ಕೂ ಅತಿ ಜೋರಾದ ಧ್ವನಿಗೂ ನಡುವಿನ ಅಂತರ 120 ಡೆಸಿಬೆಲ್ ಎಂದು ತಯಾರಕರು ಹೇಳುತ್ತಾರೆ, 16 ಬಿಟ್‌ನ ಸಿಡಿಗೆ ಬೇಕಾದದ್ದು ಸುಮಾರು 96 ಡೆಸಿಬೆಲ್ ಮಾತ್ರ. ತೊಂದರೆ ಇರುವುದು ಅದರ ನೆರೆಹೊರೆಯಲ್ಲಿ. ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ರೆಗ್ಯುಲೇಟರುಗಳು ಸೆಕೆಂಡಿಗೆ ಲಕ್ಷಗಟ್ಟಲೆ ಬಾರಿ ಆನ್-ಆಫ್ ಆಗುತ್ತಿರುತ್ತವೆ, ಗ್ರಾಫಿಕ್ಸ್ ಕಾರ್ಡ್ ಕೆಲಸದ ಹೊರೆಗೆ ತಕ್ಕಂತೆ ಕರೆಂಟನ್ನು ಥಟ್ಟನೆ ಎಳೆದುಕೊಳ್ಳುತ್ತದೆ, ಮತ್ತು ಇವೆಲ್ಲವೂ ಧ್ವನಿಯ ಅನಲಾಗ್ ಭಾಗದೊಂದಿಗೆ ಒಂದೇ ಗ್ರೌಂಡನ್ನು, ಅಂದರೆ ವಿದ್ಯುತ್ ಮರಳಿ ಹೋಗುವ ಸಾಮಾನ್ಯ ದಾರಿಯನ್ನು, ಹಂಚಿಕೊಂಡಿರುತ್ತವೆ. ಕ್ಯಾಬಿನೆಟ್ಟಿನ ಮುಂಭಾಗದ ಜ್ಯಾಕಿಗೆ ಹೋಗುವ ತಂತಿಯಂತೂ ಈ ಗದ್ದಲದ ನಡುವೆಯೇ ಹಾದು ಬರುತ್ತದೆ. ಹೆಡ್‌ಫೋನನ್ನು ಮುಂದಿನ ಜ್ಯಾಕಿನಿಂದ ತೆಗೆದು ಹಿಂದಿನ ಜ್ಯಾಕಿಗೆ ಹಾಕಿದಾಗ ಕೀರಲು ಸದ್ದು ಎದ್ದುಕಾಣುವಷ್ಟು ತಗ್ಗಿತು, ಆದರೆ ಪೂರ್ತಿ ಹೋಗಲಿಲ್ಲ. ಗುಂಯ್ ನಾದ ಮಾತ್ರ ಹೆಡ್‌ಫೋನಿನಲ್ಲಿ ಎಲ್ಲಿಯೂ ಕೇಳಲಿಲ್ಲ. ಅದು ಸ್ಪೀಕರನ್ನು ಜೋಡಿಸಿದಾಗಷ್ಟೇ ಬರುತ್ತಿತ್ತು. ಹಾಗಾಗಿ ಇವು ಎರಡು ಬೇರೆ ಬೇರೆ ಕಾಯಿಲೆಗಳು, ಎರಡಕ್ಕೂ ಒಂದೇ ಮದ್ದು ಸಾಲದಿರಬಹುದು ಎಂಬುದು ಆಗಲೇ ಸ್ಪಷ್ಟವಾಯಿತು.

ಡ್ಯಾಕ್ ಎಂದರೆ ಅಂಕಿಗಳ ರೂಪದ ಡಿಜಿಟಲ್ ಸಂಕೇತವನ್ನು ಸ್ಪೀಕರಿಗೆ ಬೇಕಾದ ಅನಲಾಗ್ ವಿದ್ಯುತ್ ಸಂಕೇತವಾಗಿ ಪರಿವರ್ತಿಸುವ ಸಾಧನ. ಕಂಪ್ಯೂಟರಿನ ಒಳಗೇ ನಡೆಯುತ್ತಿದ್ದ ಈ ಪರಿವರ್ತನೆಯನ್ನು ಕ್ಯಾಬಿನೆಟ್ಟಿನ ಹೊರಗೆ, ಪುಟ್ಟದೊಂದು ಪೆಟ್ಟಿಗೆಯಲ್ಲಿ ನಡೆಸುವುದೇ ಇಡೀ ಉಪಾಯ. ನಾನು ಆರಿಸಿಕೊಂಡದ್ದು ಟಾಪಿಂಗ್ ಡಿ10ಎಸ್. ಇದಕ್ಕೆ ಯುಎಸ್‌ಬಿಯಿಂದಲೇ ವಿದ್ಯುತ್ ಸಿಗುವುದರಿಂದ ಬೇರೆ ಅಡಾಪ್ಟರ್ ಬೇಕಿಲ್ಲ. ಸ್ಪೀಕರಿಗೆ ಬೇಕಾದ ಆರ್‌ಸಿಎ ಲೈನ್ ಔಟ್ (ಎಡ-ಬಲ ಧ್ವನಿಗೆ ಒಂದೊಂದು ದುಂಡು ಜ್ಯಾಕ್) ಇದೆ, ಹೆಡ್‌ಫೋನ್ ಜ್ಯಾಕ್ ಇಲ್ಲ. ನನ್ನಲ್ಲಿ ಹೆಡ್‌ಫೋನಿಗೆ ಪ್ರತ್ಯೇಕ ಆಂಪ್ಲಿಫೈಯರ್ ಇದ್ದುದರಿಂದ ಅದು ಕೊರತೆ ಎನಿಸಲಿಲ್ಲ. ಹೆಡ್‌ಫೋನಿನಲ್ಲೇ ಕೇಳುವವರು ಡ್ಯಾಕ್ ಮತ್ತು ಆಂಪ್ಲಿಫೈಯರ್ ಎರಡೂ ಒಂದರಲ್ಲೇ ಇರುವ ಸಾಧನವನ್ನು ನೋಡುವುದು ಒಳ್ಳೆಯದು. ಮದರ್‌ಬೋರ್ಡಿನಲ್ಲಿ ಆಪ್ಟಿಕಲ್ ಔಟ್ ಇದ್ದವರು ಆಪ್ಟಿಕಲ್ ಇನ್‌ಪುಟ್ ಇರುವ ಡ್ಯಾಕ್ ಕೊಳ್ಳಲಿ ಎಂದು ನಾನು ಒತ್ತಿ ಹೇಳುತ್ತೇನೆ. ಬೆಳಕಿನ ಮೂಲಕ ಸಂಕೇತ ಸಾಗುವ ಆ ಕೇಬಲಿನಲ್ಲಿ ಕಂಪ್ಯೂಟರಿಗೂ ಸ್ಪೀಕರಿಗೂ ನಡುವೆ ವಿದ್ಯುತ್ ಸಂಪರ್ಕವೇ ಇರುವುದಿಲ್ಲ. ನನ್ನ ಬೋರ್ಡಿನಲ್ಲಿ ಅದಿರಲಿಲ್ಲ. ಆರ್‌ಸಿಎ ಕೇಬಲನ್ನು ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಕೊಂಡೆ. ಒಳಗಿನ ತಂತಿಗೆ ಸುತ್ತಿದ ಲೋಹದ ಹೊದಿಕೆ (ಶೀಲ್ಡ್) ಗಟ್ಟಿಯಾಗಿದ್ದು ಪ್ಲಗ್ ಬಿಗಿಯಾಗಿ ಕೂರುವ ಸಾಧಾರಣ ಕೇಬಲ್ ಸಾಕು, ದುಬಾರಿ ಕೇಬಲಿನ ಅಗತ್ಯ ಖಂಡಿತ ಇಲ್ಲ.

ಜೋಡಣೆಯ ಬಗ್ಗೆ ಹೇಳುವುದು ಹೆಚ್ಚಿಲ್ಲ. ಹಬ್ ಬಳಸದೆ ಕ್ಯಾಬಿನೆಟ್ಟಿನ ಹಿಂದಿನ ಯುಎಸ್‌ಬಿ ಪೋರ್ಟಿಗೆ ನೇರವಾಗಿ ಹಾಕಿದೆ. ಲಿನಕ್ಸ್ ಯಾವ ಡ್ರೈವರನ್ನೂ ಕೇಳದೆ ಅದನ್ನು ಗುರುತಿಸಿತು. ವಿಂಡೋಸ್ 10ರಲ್ಲಿಯೂ 2017ರ ಆವೃತ್ತಿಯಿಂದ ಈಚೆಗೆ ಯುಎಸ್‌ಬಿ ಆಡಿಯೋ ಕ್ಲಾಸ್ 2 ಮಾನದಂಡದ ಇಂಥ ಸಾಧನಗಳಿಗೆ ಬೇಕಾದ ಡ್ರೈವರ್ ಒಳಗೇ ಇದೆ. ಗಮನ ಕೊಡಬೇಕಾದದ್ದು ಸ್ಯಾಂಪ್ಲಿಂಗ್ ದರಕ್ಕೆ, ಅಂದರೆ ಸೆಕೆಂಡಿಗೆ ಎಷ್ಟು ಬಾರಿ ಧ್ವನಿಯನ್ನು ಅಳೆದು ದಾಖಲಿಸಿದೆ ಎಂಬುದಕ್ಕೆ. ಸಿಡಿಯಿಂದ ಪ್ರತಿ ಮಾಡಿಕೊಂಡ ಸಂಗೀತದ ದರ 44.1 ಕಿಲೋಹರ್ಟ್ಸ್, ವಿಡಿಯೋಗಳದು ಸಾಮಾನ್ಯವಾಗಿ 48. ನಾವು ಏನೂ ಬದಲಿಸದಿದ್ದರೆ ಕಂಪ್ಯೂಟರ್ ಎಲ್ಲವನ್ನೂ ಒಂದೇ ದರಕ್ಕೆ ಪರಿವರ್ತಿಸಿ ಕಳುಹಿಸುತ್ತದೆ. ಡ್ಯಾಕ್‌ನ ಮುಖದ ಮೇಲಿರುವ ಪುಟ್ಟ ಪರದೆ ಬಂದ ದರವನ್ನು ತೋರಿಸುವುದರಿಂದ ಇದು ಕಣ್ಣಿಗೇ ಕಾಣುತ್ತದೆ: ಸಿಡಿಯ ಹಾಡು ಹಾಕಿದರೂ ಅಲ್ಲಿ 48 ಎಂದೇ ಇತ್ತು. ಲಿನಕ್ಸಿನಲ್ಲಿ ಧ್ವನಿಯನ್ನು ನಿರ್ವಹಿಸುವ ಪೈಪ್‌ವೈರ್ ತಂತ್ರಾಂಶದ ಸಂರಚನಾ ಕಡತದಲ್ಲಿ ಅನುಮತಿಸಿದ ದರಗಳ ಸಾಲಿಗೆ 44100 ಅನ್ನೂ ಸೇರಿಸಿದ ಮೇಲೆ ಹಾಡಿಗೆ ತಕ್ಕಂತೆ ಪರದೆಯ ಅಂಕಿ ಬದಲಾಗತೊಡಗಿತು. ವಿಂಡೋಸ್ ಬಳಸುವವರು ಸಂಗೀತದ ಪ್ಲೇಯರಿನಲ್ಲಿ ವಾಸಪಿ ಎಂಬ ವಿಂಡೋಸ್ ಧ್ವನಿ ವ್ಯವಸ್ಥೆಯ, ಪ್ಲೇಯರೊಂದೇ ಡ್ಯಾಕ್ ಅನ್ನು ನೇರವಾಗಿ ಬಳಸುವ ಎಕ್ಸ್‌ಕ್ಲೂಸಿವ್ ವಿಧಾನವನ್ನು ಆರಿಸಿದರೆ ಇದೇ ಫಲ ಸಿಗುತ್ತದೆ. ಕಿವಿಗೆ ಇದರಿಂದ ವ್ಯತ್ಯಾಸವಾಯಿತು ಎಂದು ನಾನು ಹೇಳಲಾರೆ. ಆದರೂ ಮುದ್ರಣದಲ್ಲಿ ಇದ್ದದ್ದು ಇದ್ದ ಹಾಗೆಯೇ ಡ್ಯಾಕ್ ತಲುಪುತ್ತಿದೆ ಎಂಬ ಖಾತ್ರಿ ನನಗೆ ಬೇಕಿತ್ತು.

ಡ್ಯಾಕ್ ಜೋಡಿಸಿದ ಕೂಡಲೇ ಕೀರಲು ಸದ್ದು ಸಂಪೂರ್ಣವಾಗಿ ನಿಂತಿತು. ಮೌಸ್ ಆಡಿಸಲಿ, ಗ್ರಾಫಿಕ್ಸ್ ಕಾರ್ಡಿಗೆ ಭಾರ ಹೇರಲಿ, ಹೆಡ್‌ಫೋನಿನಲ್ಲಿ ಏನೂ ಇಲ್ಲ. ಸ್ಪೀಕರಿನ ಗುಂಯ್ ನಾದ ಮಾತ್ರ ನಿರೀಕ್ಷಿಸಿದ್ದಂತೆ ಹಾಗೆಯೇ ಉಳಿಯಿತು. ಇದು ಗ್ರೌಂಡ್ ಲೂಪ್. ನನ್ನ ಕಂಪ್ಯೂಟರ್ ಒಂದು ಗೋಡೆಯ ಸಾಕೆಟ್ಟಿನಿಂದ, ಮೂರು ಪಿನ್ನಿನ ಸ್ಪೀಕರ್ ಇನ್ನೊಂದು ಗೋಡೆಯ ಸಾಕೆಟ್ಟಿನಿಂದ ವಿದ್ಯುತ್ ಪಡೆಯುತ್ತಿದ್ದವು. ಎರಡೂ ಅರ್ಥಿಂಗಿನ ನಡುವಿನ ಸಣ್ಣ ವೋಲ್ಟೇಜ್ ವ್ಯತ್ಯಾಸದಿಂದ ಕರೆಂಟ್ ಯುಎಸ್‌ಬಿ ಮತ್ತು ಆರ್‌ಸಿಎ ಕೇಬಲುಗಳ ಗ್ರೌಂಡ್ ತಂತಿಯ ಮೂಲಕ ಹರಿದು, 50 ಹರ್ಟ್ಸ್ ಮತ್ತು ಅದರ ಗುಣಕಗಳ ನಾದವಾಗಿ ಕೇಳುತ್ತದೆ. ಡ್ಯಾಕ್ ಹೊರಗಿದ್ದರೂ ಯುಎಸ್‌ಬಿಯ ಗ್ರೌಂಡ್ ಕಂಪ್ಯೂಟರಿಗೆ ಕೂಡಿಯೇ ಇರುವುದರಿಂದ ಈ ದಾರಿ ಮುಚ್ಚುವುದಿಲ್ಲ. ಎರಡನ್ನೂ ಒಂದೇ ಸ್ಪೈಕ್ ಬೋರ್ಡಿಗೆ ತಂದಾಗ ನಾದ ಬಹುಮಟ್ಟಿಗೆ ಇಳಿಯಿತು. ಉಳಿದದ್ದಕ್ಕಾಗಿ ಎಲೆಕ್ಟ್ರಿಷಿಯನ್ನರನ್ನು ಕರೆಸಿದೆ. ಆ ಬೋರ್ಡ್ ಸಿಕ್ಕಿಸಿದ್ದ ಸಾಕೆಟ್ಟಿನ ಹಿಂದೆ ಅರ್ಥ್ ತಂತಿಯ ಸ್ಕ್ರೂ ಸಡಿಲವಾಗಿ, ತಂತಿಯ ತುದಿ ಕಪ್ಪಾಗಿತ್ತು. ಅವರು ತುದಿಯನ್ನು ಕತ್ತರಿಸಿ, ಹೊಸದಾಗಿ ಸುಲಿದು ಬಿಗಿ ಮಾಡಿದ ಮೇಲೆ ಸ್ಪೀಕರಿಗೆ ಕಿವಿ ಹಚ್ಚಿದರೂ ನಾದ ಕೇಳದಂತಾಯಿತು. ಗುಂಯ್ ಸದ್ದು ನಿಲ್ಲಿಸಲು ಅರ್ಥ್ ಪಿನ್ ತೆಗೆದುಹಾಕುವ ಸಲಹೆಯನ್ನು ಕೊಡುವವರಿದ್ದಾರೆ. ಸದ್ದು ನಿಲ್ಲಬಹುದು, ಆದರೆ ಜೀವಕ್ಕೆ ಅಪಾಯವಿದೆ. ದಯವಿಟ್ಟು ಯಾರೂ ಹಾಗೆ ಮಾಡಬೇಡಿ. ಇನ್ನೊಂದು ಮಾತು: ಕರೆಂಟ್ ಹೋಗಿ ಮನೆಯ ಇನ್ವರ್ಟರ್ ಶುರುವಾದಾಗ ಮಾತ್ರ ಸದ್ದು ಬರುತ್ತಿದ್ದರೆ ಆ ಇನ್ವರ್ಟರ್ ಸ್ಕ್ವೇರ್ ವೇವ್ ಬಗೆಯದೋ ಅಲ್ಲವೋ ಎಂದು ನೋಡಬೇಕು. ಹಾಗಿದ್ದರೆ ಸೈನ್ ವೇವ್ ಇನ್ವರ್ಟರ್ ಬೇಕಾಗುತ್ತದೆಯೇ ಹೊರತು ಡ್ಯಾಕ್ ಅಲ್ಲ.

ಧ್ವನಿಯ ಗುಣಮಟ್ಟದ ಹೋಲಿಕೆಯನ್ನು ನಾನು ಸಾವಧಾನವಾಗಿ ಮಾಡಿದೆ, ಏಕೆಂದರೆ ಇಲ್ಲಿ ಕಿವಿ ಸುಲಭವಾಗಿ ಮೋಸಹೋಗುತ್ತದೆ. ಡ್ಯಾಕ್‌ನ ಲೈನ್ ಔಟ್ ಗರಿಷ್ಠ 2 ವೋಲ್ಟ್ ಕೊಡುತ್ತದೆ, ನನ್ನ ಮದರ್‌ಬೋರ್ಡ್ ಸುಮಾರು 1 ವೋಲ್ಟ್. ಅಂದರೆ 6 ಡೆಸಿಬೆಲ್ ಅಂತರ. ಜೋರಾಗಿ ಕೇಳುವುದೆಲ್ಲ ಚೆನ್ನಾಗಿಯೇ ಕೇಳುತ್ತದೆ, ಆದ್ದರಿಂದ ಎರಡನ್ನೂ ಒಂದೇ ಮಟ್ಟಕ್ಕೆ ತಾರದೆ ಹೋಲಿಸಿದರೆ ಆ ತೀರ್ಪಿಗೆ ಬೆಲೆಯಿಲ್ಲ. ಆಡಾಸಿಟಿ ಎಂಬ ಧ್ವನಿ ಸಂಪಾದನೆಯ ತಂತ್ರಾಂಶದಲ್ಲಿ 100 ಹರ್ಟ್ಸ್‌ನ ಸ್ವರವೊಂದನ್ನು ಮಾಡಿಕೊಂಡು, ಅದನ್ನು ನುಡಿಸುತ್ತ ಕೇಬಲಿನ ತುದಿಯಲ್ಲಿ ಮಲ್ಟಿಮೀಟರ್ ಹಿಡಿದು ಎರಡರ ವೋಲ್ಟೇಜನ್ನೂ ಸಮ ಮಾಡಿದೆ. ಅಂಗಡಿಗಳಲ್ಲಿ ಅಗ್ಗವಾಗಿ ಸಿಗುವ ಹಳದಿ ಬಣ್ಣದ ಡಿಟಿ830 ಮೀಟರಿನಲ್ಲಿ ಎಸಿ ವೋಲ್ಟೇಜಿನ ಅತಿ ಚಿಕ್ಕ ವ್ಯಾಪ್ತಿಯೇ 200 ವೋಲ್ಟ್ ಆದುದರಿಂದ ಈ ಕೆಲಸಕ್ಕೆ ಅದು ಆಗದು. 2 ವೋಲ್ಟ್ ವ್ಯಾಪ್ತಿ ಇರುವ ಮೀಟರ್ ಬೇಕು. ನಂತರ ಯಾವುದು ನುಡಿಯುತ್ತಿದೆ ಎಂದು ನನಗೆ ಗೊತ್ತಾಗದಂತೆ ಮನೆಯವರಿಂದ ಕೇಬಲ್ ಬದಲಾಯಿಸಿಸಿ ಕೇಳಿದೆ.

ಮನ್ಸೂರರ ದ್ರುತ್ ಬಂದಿಶ್ ತುಂಬು ದನಿಯಲ್ಲಿ ಸಾಗುತ್ತಿದ್ದಾಗ ಯಾವುದು ಡ್ಯಾಕ್, ಯಾವುದು ಮದರ್‌ಬೋರ್ಡ್ ಎಂದು ಗುರುತಿಸಲು ನನಗೆ ಸಾಧ್ಯವಾಗಲಿಲ್ಲ. ವೀಣೆಯಲ್ಲಿ ಮಾತ್ರ ಅನುಮಾನಕ್ಕೆ ಆಸ್ಪದವೇ ಇರಲಿಲ್ಲ. ಆಲಾಪನೆಯಲ್ಲಿ ಒಂದು ಮೀಟಿನ ನಂತರ ಎಡಗೈ ತಂತಿಯನ್ನು ಎಳೆದು ಗಮಕ ತೆಗೆಯುತ್ತಿರುವಾಗ ನಾದ ಕ್ಷೀಣಿಸುತ್ತ ಹೋಗುತ್ತದೆ. ಮದರ್‌ಬೋರ್ಡಿನಲ್ಲಿ ಆ ಗಮಕದ ಕೊನೆಯ ಎಳೆ ಗಲಿಬಿಲಿಯಲ್ಲಿ ಕರಗಿಹೋಗುತ್ತಿತ್ತು, ಡ್ಯಾಕ್‌ನಲ್ಲಿ ಮುಂದಿನ ಮೀಟು ಬರುವ ತನಕ ಅದರ ಜಾಡು ಹಿಡಿಯಬಹುದಿತ್ತು. ಬಾಸ್ ಹೆಚ್ಚಾಯಿತು, ಗಾಯಕರು ಎದುರಿಗೇ ಕುಳಿತಂತಾಯಿತು ಎಂಬ ಮಾತುಗಳನ್ನು ನಾನು ಆಡಲಾರೆ. ನನಗೆ ಸಿಕ್ಕದ್ದು ಮೌನ, ಮತ್ತು ನಾನು ಕೇಳುವ ಸಂಗೀತಕ್ಕೆ ಅದು ದೊಡ್ಡ ಲಾಭ. ಆಕಾಶವಾಣಿಯ ಕಾಲದ ಟೇಪುಗಳಲ್ಲಿರುವ ಸುಯ್ ಎನ್ನುವ ಸದ್ದು ಮುದ್ರಣದಲ್ಲೇ ಸೇರಿರುವಂಥದು. ಯಾವ ಡ್ಯಾಕ್ ಕೂಡ ಅದನ್ನು ತೆಗೆಯುವುದಿಲ್ಲ; ಈಗ ಅದು ಇನ್ನಷ್ಟು ಸ್ಪಷ್ಟವಾಗಿಯೇ ಕೇಳುತ್ತದೆ.

ಮೈಕನ್ನು ನಾನು ಮದರ್‌ಬೋರ್ಡಿನ ಹಿಂದಿನ ಜ್ಯಾಕಿನಲ್ಲೇ ಉಳಿಸಿಕೊಂಡಿದ್ದೇನೆ, ಏಕೆಂದರೆ ಈ ಡ್ಯಾಕ್‌ಗೆ ಧ್ವನಿಯನ್ನು ಒಳಗೆ ತೆಗೆದುಕೊಳ್ಳುವ ಸೌಲಭ್ಯವಿಲ್ಲ. ವಿಡಿಯೋ ಕರೆಗಳಿಗೂ ಕಂಪ್ಯೂಟರಿನ ಎಚ್ಚರಿಕೆಯ ಸದ್ದುಗಳಿಗೂ ಮಾನಿಟರಿನ ಒಳಗಿನ ಸ್ಪೀಕರನ್ನೇ ಗೊತ್ತುಮಾಡಿದ್ದೇನೆ. ಹೀಗಾಗಿ ರಾಗದ ನಡುವೆ ಇಮೇಲ್ ಬಂದರೆ ಅದರ ಸದ್ದು ಸಂಗೀತದ ಸ್ಪೀಕರಿಗೆ ಹೋಗುವುದಿಲ್ಲ.