ಲಾಸ್ ಏಂಜಲೀಸ್ 2028: ರೂಮ್ ಬುಕ್ ಮಾಡೋ ಮೊದಲು ಮ್ಯಾಪ್ ನೋಡಿ

ಒಲಿಂಪಿಕ್ಸ್‌ಗೆ ಹೋಗುವ ಯೋಚನೆ ಇರುವವರಿಗೆ ಒಂದು ಮಾತು. ಊರಿನ ಹೆಸರು ನೋಡಿ ಹೋಟೆಲ್ ಬುಕ್ ಮಾಡಬೇಡಿ, ಆಟ ಎಲ್ಲಿ ಅಂತ ನೋಡಿ ಮಾಡಿ. ನಮ್ಮಲ್ಲಿ ಹೆಚ್ಚಿನವರು ಹೋಗೋದು ಕ್ರಿಕೆಟ್‌ಗೆ ಅಲ್ವಾ? ಅದು ನಡೆಯೋದು ಪೊಮೋನಾದ ಫೇರ್‌ಪ್ಲೆಕ್ಸ್ ಅನ್ನೋ ಮೇಳದ ಮೈದಾನದಲ್ಲಿ. ಡೌನ್‌ಟೌನ್‌ನಿಂದ ಸುಮಾರು 50 ಕಿ.ಮೀ. ಪೂರ್ವಕ್ಕಿದೆ, ಸಂಜೆ ಹೊತ್ತು ಆ ಫ್ರೀವೇಗಳಲ್ಲಿ ಕಾರು ತೆವಳುತ್ತದೆ, ಅದಕ್ಕೇ ಮೆಟ್ರೋ ನಂಬಿ ಅಂತ ಹೇಳೋದು. ಎ ಲೈನ್ 2025ರಲ್ಲಿ ಪೊಮೋನಾದವರೆಗೆ ಬಂದಿದೆ, 'ಲಾ ವರ್ನ್/ಫೇರ್‌ಪ್ಲೆಕ್ಸ್' ಅಂತಲೇ ಒಂದು ಸ್ಟೇಷನ್ ಇದೆ. ಇದೇ ಲೈನು ಡೌನ್‌ಟೌನ್ ದಾಟಿ ಲಾಂಗ್ ಬೀಚ್‌ವರೆಗೂ ಹೋಗುತ್ತೆ. ಹಾಗಾಗಿ ಈ ಲೈನಿನ ಪಕ್ಕ ರೂಮ್ ಸಿಕ್ಕರೆ ಬಿಡಬೇಡಿ.

ಬ್ಯಾಡ್ಮಿಂಟನ್ ಯುಎಸ್‌ಸಿ (ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ) ಕ್ಯಾಂಪಸ್ಸಿನ ಗೇಲನ್ ಸೆಂಟರ್‌ನಲ್ಲಿ. ಅಥ್ಲೆಟಿಕ್ಸ್ ನಡೆಯುವ ಕೊಲಿಸಿಯಂ ಅಲ್ಲಿಂದ ನಡೆದುಹೋಗುವಷ್ಟು ಹತ್ತಿರ. ಹಾಕಿ ಕಾರ್ಸನ್‌ನಲ್ಲಿ, ಅದು ದಕ್ಷಿಣಕ್ಕೆ. ಹಾಕಿ, ಕ್ರಿಕೆಟ್ ಎರಡನ್ನೂ ಒಂದೇ ದಿನಕ್ಕೆ ತುರುಕಬೇಡಿ, ಸುಮ್ನೆ ದಾರಿಯಲ್ಲೇ ದಿನ ಮುಗಿಯುತ್ತೆ.

ಇನ್ನೊಂದು, ಈ ಸಲ ಅಥ್ಲೆಟಿಕ್ಸ್ ಮೊದಲ ವಾರ, ಈಜು ಎರಡನೇ ವಾರ. ಪ್ಯಾರಿಸ್‌ನಲ್ಲಿ ಇದ್ದದ್ದಕ್ಕೆ ಉಲ್ಟಾ. ಈಜು ನಡೆಯೋದು ಇಂಗಲ್‌ವುಡ್‌ನ ಸೋಫೈ ಫುಟ್‌ಬಾಲ್ ಸ್ಟೇಡಿಯಂ ಒಳಗೆ ಕೊಳ ಕೂರಿಸಿ. ಅದೊಂದನ್ನು ನೋಡೋಕಾದರೂ ಎರಡನೇ ವಾರ ಹೋಗಬೇಕು ಅನ್ನಿಸುತ್ತೆ ನನಗೆ.

ಸಾಫ್ಟ್‌ಬಾಲ್, ಕನೂ ಸ್ಲಾಲಮ್ (ರಭಸದ ನೀರಲ್ಲಿ ದೋಣಿ ಸ್ಪರ್ಧೆ) ಟಿಕೆಟ್ ತಗೊಳ್ಳೋ ಮುಂಚೆ ಮಾತ್ರ ಎರಡು ಸಲ ಓದಿ. ಅವೆರಡೂ ಓಕ್ಲಹೋಮಾ ಸಿಟಿಯಲ್ಲಿ. ರಸ್ತೆಯಲ್ಲಿ 2,000 ಕಿ.ಮೀ.ಗೂ ಜಾಸ್ತಿ, ವಿಮಾನವೇ ಗತಿ.