ಗಂಟೆಗೊಮ್ಮೆ ಓಡಬೇಕಾದ ಬ್ಯಾಕಪ್ ನಿಂತಿದ್ದರೆ ಹೀಗೆ ಮಾಡಿ

ಕೋಲಾರದ ಟೊಮೆಟೊ ಮಂಡಿಗಳಲ್ಲಿ ಲೆಕ್ಕದ ಬ್ಯಾಕಪ್‌ಗೆ ವಿಂಡೋಸ್ ಟಾಸ್ಕ್ ಶೆಡ್ಯೂಲರ್ (ಹೇಳಿದ ಹೊತ್ತಿಗೆ ಕೆಲಸವನ್ನು ತಾನೇ ಓಡಿಸುವ ಪ್ರೋಗ್ರಾಂ) ಇಟ್ಟುಕೊಂಡವರು ಗಮನಿಸಿ. ಟಾಸ್ಕ್, ಅಂದರೆ ಅದರಲ್ಲಿ ಇಟ್ಟ ಬ್ಯಾಕಪ್ ಕೆಲಸ, ಒಂದೆರಡು ದಿನ ಓಡಿ ಆಮೇಲೆ ಸುಮ್ಮನಾಗಿಬಿಟ್ಟರೆ, ಅದರ ಪ್ರಾಪರ್ಟೀಸ್‌ನ ಸೆಟ್ಟಿಂಗ್ಸ್ ಟ್ಯಾಬ್‌ಗೆ ಹೋಗಿ, ‘ಸ್ಟಾಪ್ ದಿ ಟಾಸ್ಕ್ ಇಫ್ ಇಟ್ ರನ್ಸ್ ಲಾಂಗರ್ ದ್ಯಾನ್’ ಎಂಬಲ್ಲಿ 3 ದಿನ ಇರುವುದನ್ನು 1 ಅಥವಾ 2 ಗಂಟೆ ಮಾಡಿ. ಅದರ ಕೆಳಗಿನ ಬಲವಂತವಾಗಿ ನಿಲ್ಲಿಸುವ ಆಯ್ಕೆಗೂ ಟಿಕ್ ಇರಲಿ. ಕಾರಣ ಇಷ್ಟೇ, ಹಳೆಯ ಓಟ ಎಲ್ಲೋ ಸಿಕ್ಕಿಕೊಂಡು ‘ರನ್ನಿಂಗ್’ ಅಂತಲೇ ತೋರಿಸುತ್ತಿರುತ್ತದೆ. ಅದು ಮುಗಿಯುವ ತನಕ ಶೆಡ್ಯೂಲರ್ ಹೊಸದನ್ನು ಶುರು ಮಾಡುವುದಿಲ್ಲ, ಅಂದರೆ 3 ದಿನ ಬ್ಯಾಕಪ್ಪೇ ಇಲ್ಲ. ಎರಡನ್ನೂ ಒಟ್ಟಿಗೆ ಓಡಿಸುವ ‘ಪ್ಯಾರಲಲ್’ ಆಯ್ಕೆ ಮಾತ್ರ ದಯವಿಟ್ಟು ಬೇಡ, ಒಂದೇ ಫೈಲಿಗೆ ಎರಡು ಓಟಗಳು ಬರೆದರೆ ಲೆಕ್ಕ ಕೆಡುತ್ತದೆ. ಟ್ರಿಗರ್‌ನಲ್ಲಿ (ಟಾಸ್ಕ್ ಯಾವಾಗ ಓಡಬೇಕೆಂದು ಹೇಳುವ ಜಾಗ) ಅವಧಿ ‘ಇನ್‌ಡೆಫಿನಿಟ್ಲಿ’, ಅಂದರೆ ಕೊನೆಯಿಲ್ಲದೆ, ಇದೆಯೇ ಅಂತಲೂ ನೋಡಿಕೊಳ್ಳಿ.

ನಿಮ್ಮ ಬ್ಯಾಕಪ್ಪಿಗೇ ನಿಜವಾಗಿ ಮೂರು ಗಂಟೆ ಬೇಕಿದ್ದರೆ ಇದು ನಡೆಯದು, ಅರ್ಧಕ್ಕೇ ಕತ್ತರಿಸುತ್ತದೆ. ಆಗ 4 ಗಂಟೆ ಕೊಟ್ಟು, ಟ್ರಿಗರ್ ಅಂತರವನ್ನೂ ಅದಕ್ಕಿಂತ ಹೆಚ್ಚಿಸಿ. ಫೈಲ್ ನಕಲು ಮಾಡುವ ಎಕ್ಸ್‌ಕಾಪಿ ಕಮಾಂಡ್ ‘ಹಳೆ ಫೈಲ್ ಮೇಲೆ ಬರೆಯಲೇ?’ ಎಂದು ಕೇಳಿ ಕಾಯುತ್ತಿದ್ದರೂ ಪ್ರತಿ ಸಲ ಅಲ್ಲೇ ನಿಲ್ಲುತ್ತದೆ, ಅದಕ್ಕೆ ಓರೆಗೆರೆ ಹಾಕಿ ವೈ ಅಕ್ಷರ ಸೇರಿಸಬೇಕು. ಇನ್ನು ನಮ್ಮ ಕಡೆ ಕರೆಂಟು ಹೋಗುವುದು ಮಾಮೂಲು. ಲ್ಯಾಪ್‌ಟಾಪ್ ಆಗಿದ್ದರೆ, ಅಥವಾ ಯುಪಿಎಸ್ ಯುಎಸ್‌ಬಿ ವೈರಿನಲ್ಲಿ ಜೋಡಿಸಿದ್ದರೆ, ‘ಕಂಡೀಶನ್ಸ್’ ಟ್ಯಾಬ್‌ನಲ್ಲಿ ಎಸಿ ಪವರ್ (ಲೈನಿನ ಕರೆಂಟು) ಇದ್ದಾಗ ಮಾತ್ರ ಎನ್ನುವ ಟಿಕ್ ತೆಗೆಯಿರಿ. ಅದು ಮೊದಲಿಂದಲೇ ಹಾಕಿರುತ್ತದೆ.